ಸಂವಾದ ಮತ್ತು ಪ್ರಶ್ನಿಸುವ ಹಕ್ಕು

ವಿಶ್ವವಿದ್ಯಾಲಯಗಳಲ್ಲಿ ಬಹುಸಂಸ್ಕೃತಿಯ ಪ್ರಸ್ತಾಪ ಬಂದಾಗಲೆಲ್ಲ ‘ಸಂವಾದ’ ಎಂಬ ಪದ ಬಹಳ ಸಲೀಸಾಗಿ ಬಳಕೆಯಾಗುತ್ತದೆ. ಭಿನ್ನ ಭಾಷೆ, ಜಾತಿ, ಧರ್ಮ, ಪ್ರದೇಶಗಳ ವಿದ್ಯಾರ್ಥಿಗಳನ್ನು ಒಂದೆಡೆ ಕೂರಿಸಿ ಮಾತನಾಡಿಸಿದರೆ ಸಂವಾದ ತಾನಾಗಿಯೇ ಏರ್ಪಡುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ನಿದರ್ಶನವಾಗಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪ್ರಯೋಗವನ್ನು ಎತ್ತಿಕೊಳ್ಳಬಹುದು.

೧೯೮೭ರಲ್ಲಿ ಆ ವಿಶ್ವವಿದ್ಯಾಲಯದ ಆನ್ ಆರ್ಬರ್ ಆವರಣದಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಅವಮಾನಿಸುವ ಘಟನೆಗಳು ನಡೆದು, ಅವುಗಳ ವಿರುದ್ಧ ತೀವ್ರ ಪ್ರತಿಭಟನೆಗಳಾದವು. ಮರುವರ್ಷ, ೧೯೮೮ರಲ್ಲಿ, ಗುಂಪುಗಳ ನಡುವಣ ಸಂವಾದದ ಕಾರ್ಯಕ್ರಮ ಅಲ್ಲಿ ಆರಂಭವಾಯಿತು. ಇದು ಒಂದು ದಿನದ ಸಮಾರಂಭವಲ್ಲ. ಒಂದು ಸೆಮಿಸ್ಟರ್ ನಡೆಯುವ, ಅಂಕಗಳುಳ್ಳ ತರಗತಿ. ಎರಡು ಸಮುದಾಯಗಳ ವಿದ್ಯಾರ್ಥಿಗಳು ಸಾಧ್ಯವಾದಷ್ಟು ಸಮಸಂಖ್ಯೆಯಲ್ಲಿರುತ್ತಾರೆ. ಎರಡೂ ಕಡೆಯಿಂದ ಒಬ್ಬೊಬ್ಬರಂತೆ ಇಬ್ಬರು ನಿರ್ವಾಹಕರಿರುತ್ತಾರೆ. ಪರಿಚಯ, ಅನುಭವಗಳ ವಿನಿಮಯ, ವಿವಾದಾಸ್ಪದ ವಿಷಯಗಳ ಚರ್ಚೆ, ಮುಂದಿನ ಕಾರ್ಯದ ಯೋಜನೆ ಎಂಬ ನಾಲ್ಕು ಹಂತಗಳಲ್ಲಿ ಮಾತು ಬೆಳೆಯುತ್ತದೆ. ಎದುರಾಳಿಯನ್ನು ಸೋಲಿಸುವ ವಾದದಿಂದ ಸಂವಾದವನ್ನು ಇಲ್ಲಿ ಖಚಿತವಾಗಿ ಬೇರ್ಪಡಿಸಲಾಗಿದೆ.

ಈ ಪದ್ಧತಿಯನ್ನು ಒಂಬತ್ತು ವಿದ್ಯಾಸಂಸ್ಥೆಗಳಲ್ಲಿ ಪರೀಕ್ಷಿಸಿದ ಪೆಟ್ರೀಷಿಯಾ ಗುರಿನ್, ಬಿರೇನ್ ನಾಗ್ಡಾ ಮತ್ತು ಹಿಮೇನಾ ಸುನಿಗಾ ಅವರ ‘ಡಯಲಾಗ್ ಅಕ್ರಾಸ್ ಡಿಫರೆನ್ಸ್’ ಎಂಬ ಗ್ರಂಥ ೨೦೧೩ರಲ್ಲಿ ಪ್ರಕಟವಾಯಿತು. ಸಂವಾದದಲ್ಲಿ ಪಾಲ್ಗೊಂಡವರನ್ನು, ಅರ್ಜಿ ಹಾಕಿಯೂ ಅವಕಾಶ ದೊರೆಯದವರೊಂದಿಗೆ ಹೋಲಿಸಿ ನೋಡಿದ್ದು ಈ ಅಧ್ಯಯನದ ವಿಶೇಷ. ಅಸಮಾನತೆಯ ಕಾರಣಗಳ ತಿಳಿವಳಿಕೆ, ಪರರ ನೋವಿಗೆ ಸ್ಪಂದಿಸುವ ಗುಣ, ಕಾರ್ಯೋನ್ಮುಖತೆ ಮೊದಲ ಗುಂಪಿನಲ್ಲಿ ಹೆಚ್ಚಿದವು. ಒಂದು ವರ್ಷದ ನಂತರವೂ ಆ ಪರಿಣಾಮ ಪೂರ್ತಿ ಅಳಿದಿರಲಿಲ್ಲ. ಸಂವಾದವನ್ನು ಸದ್ಭಾವನೆಯ ಮಟ್ಟದಿಂದ ಅಧ್ಯಯನದ ಶಿಸ್ತಿಗೆ ತಂದದ್ದು ಈ ವಿದ್ವಾಂಸರ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಸಂಖ್ಯೆಯ ಸಮಾನತೆ ಮಾತಿನ ಸಮಾನತೆಯಾಗುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅನುಭವ ವಿನಿಮಯದ ಹಂತದಲ್ಲಿ ನೊಂದ ಸಮುದಾಯದ ವಿದ್ಯಾರ್ಥಿ ತನ್ನ ಬದುಕನ್ನು ಸಾಕ್ಷ್ಯವಾಗಿ ಮುಂದಿಡಬೇಕಾಗುತ್ತದೆ. ಉಳಿದವರು ಅದನ್ನು ಕೇಳಿ ಕಲಿಯುತ್ತಾರೆ. ಒಬ್ಬರು ಪಠ್ಯವಾಗುತ್ತಾರೆ, ಇನ್ನೊಬ್ಬರು ಓದುಗರಾಗುತ್ತಾರೆ. ಇಬ್ಬರಿಗೂ ಮಾತನಾಡುವ ಅವಕಾಶವಿದ್ದರೂ ಪ್ರಶ್ನಿಸುವ ಹಕ್ಕು ಸಮನಾಗಿ ಹಂಚಿಕೆಯಾಗಿರುವುದಿಲ್ಲ.

ಸಂವಾದವನ್ನೇ ಶರೀರವಾಗಿಸಿಕೊಂಡ ಶೂನ್ಯಸಂಪಾದನೆಯನ್ನು ಓದಿದವರಿಗೆ ಈ ಸಮಸ್ಯೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯ ಹದಿನೈದನೆಯ ಶತಮಾನದಲ್ಲಿ ಸಂವಾದವಾಗಿ ಹೆಣೆದ. ಅನಂತರದ ಸಂಪಾದಕರು ಅದನ್ನು ಪರಿಷ್ಕರಿಸಿದರು. ಆದ್ದರಿಂದ ಇದು ನಡೆದ ಮಾತುಕತೆಯ ವರದಿಯಲ್ಲ. ಸಂವಾದ ಹೇಗಿರಬೇಕೆಂಬ ಕಲ್ಪನೆಯ ನಿರ್ಮಿತಿ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಪರೀಕ್ಷಿಸುತ್ತಾನೆ. ಆಕೆ ಗೆಲ್ಲುತ್ತಾಳೆ, ಗೌರವವನ್ನೂ ಪಡೆಯುತ್ತಾಳೆ; ಆದರೆ ಸಭೆಯನ್ನು ಪ್ರವೇಶಿಸಲು ಉತ್ತರ ಕೊಡಬೇಕಾದವಳು ಅವಳೇ. ಮುಕ್ತಾಯಕ್ಕನ ಪ್ರಸಂಗದ ನಡೆ ಬೇರೆ. ಅಜಗಣ್ಣನನ್ನು ಕಳೆದುಕೊಂಡ ದುಃಖದಲ್ಲಿಯೂ ಆಕೆ ಅಲ್ಲಮನ ಉಪದೇಶವನ್ನು ತಲೆಬಾಗಿ ಸ್ವೀಕರಿಸುವುದಿಲ್ಲ; ಮಾತನಾಡುವವನ ಅರಿವನ್ನೇ ಶಂಕಿಸುತ್ತಾಳೆ. ಅಲ್ಲಿ ಉತ್ತರ ಕೊಡುವ ಹೊಣೆ ಅಲ್ಲಮನಿಗೆ ಬರುತ್ತದೆ. ಎರಡೂ ಸಂವಾದಗಳೇ, ಆದರೆ ಎರಡನೆಯದರಲ್ಲಿ ಮಾತ್ರ ಪ್ರಶ್ನೆ ಎರಡೂ ದಿಕ್ಕಿಗೆ ಹರಿಯುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ನಮ್ಮ ದೇಶದ ಆವರಣಗಳ ಕೊರತೆ ಸ್ಪಷ್ಟವಾಗುತ್ತದೆ. ೨೦೧೫ರಲ್ಲಿ ಘೋಷಿತವಾದ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ರಾಜ್ಯಗಳನ್ನು ಜೋಡಿಗಳಾಗಿಸಿ ಪರಸ್ಪರ ಪರಿಚಯಕ್ಕೆ ಅವಕಾಶ ಕಲ್ಪಿಸಲಾಯಿತು. ಕರ್ನಾಟಕಕ್ಕೆ ಜೊತೆಯಾದದ್ದು ಉತ್ತರಾಖಂಡ. ಹಾಡು, ಕುಣಿತ, ಉಡುಗೆ, ಅಡುಗೆಗಳ ಪರಿಚಯ ಬೇಡವೆನ್ನಲಾಗದು. ಆದರೆ ಪ್ರದರ್ಶನಕ್ಕಿಟ್ಟ ಸಂಸ್ಕೃತಿಯನ್ನು ಮೆಚ್ಚಬಹುದೇ ಹೊರತು ಅದರೊಂದಿಗೆ ಮಾತನಾಡಲಾಗುವುದಿಲ್ಲ.

ಮಾತಿಗೆ ಅವಕಾಶವಿರುವಲ್ಲಿಯೂ ಭಾಷೆಯ ಯಜಮಾನಿಕೆ ಅಡ್ಡ ಬರುತ್ತದೆ. ಹೊರನಾಡಿನ ಒಂದು ಆವರಣದ ಇಂಥ ಸಭೆಯಲ್ಲಿ ರಾಯಚೂರು ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಆಕೆಯ ಊರಿನ ಮದುವೆ, ದೇವರು, ಜಾತಿಗಳ ಬಗ್ಗೆ ಒಂದರ ಮೇಲೊಂದು ಪ್ರಶ್ನೆಗಳು ಬಂದವು. ಎಲ್ಲಕ್ಕೂ ತೊದಲುತ್ತಲೇ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಕೊನೆಗೆ ತಾನೂ ಒಂದು ಪ್ರಶ್ನೆ ಕೇಳಬೇಕೆಂದು ಎದ್ದು ನಿಂತು ಪದಕ್ಕಾಗಿ ತಡಕಾಡುತ್ತಿರುವಾಗಲೇ ಸಮಯ ಮುಗಿಯಿತೆಂದು ವಂದನಾರ್ಪಣೆಯಾಯಿತು. ಹೊರಗೆ ಬಂದು ಆಕೆ ನನಗೆ ಕನ್ನಡದಲ್ಲಿ ಹೇಳಿದ ಪ್ರಶ್ನೆ ಇಷ್ಟೆ: “ಸರ್, ಅವರ ಮನ್ಯಾಗ ಜಾತಿ ಇಲ್ಲೇನ್ರಿ?” ಆ ಸಭೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅರಿಯದ ಭಾಷೆಯಲ್ಲಿ ಉತ್ತರ ಹೇಗೋ ಕೊಡಬಹುದು. ಪ್ರಶ್ನೆಗೆ ಹೆಚ್ಚಿನ ಧೈರ್ಯವೂ ಭಾಷೆಯೂ ಬೇಕು.

ಹೊರನಾಡಿನ ಕನ್ನಡ ಪೀಠಗಳು ಇಲ್ಲಿ ಕೈಗೊಳ್ಳಬಹುದಾದ ಕೆಲಸವಿದೆ. ವಿದ್ಯಾರ್ಥಿಗಳು ತಮ್ಮ ತಮ್ಮ ಭಾಷೆಯಲ್ಲಿ ಮಾತನಾಡಿ, ಸಹಪಾಠಿಗಳೇ ಅನುವಾದಿಸುವ ಸಂವಾದಗಳನ್ನು ತಮಿಳು, ಮರಾಠಿ, ತೆಲುಗು, ಹಿಂದಿ ವಿಭಾಗಗಳೊಂದಿಗೆ ಕೂಡಿ ನಡೆಸಬೇಕು. ಸದಾ ಉತ್ತರ ಕೊಡುತ್ತ ಬಂದವರಿಗೆ ಮೊದಲ ಪ್ರಶ್ನೆಯ ಹಕ್ಕನ್ನು ನೀಡಬೇಕು. ಅನುವಾದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ಇನ್ನೊಬ್ಬರ ಮಾತಿಗಾಗಿ ಕಾಯುವುದೂ ಸಂವಾದದ ಶಿಕ್ಷಣವೇ. ಸಂವಾದವು ಅನ್ಯಾಯದ ದೂರುಗಳಿಗೆ ಪರ್ಯಾಯವಾಗಬಾರದೆಂಬ ಎಚ್ಚರವೂ ಜೊತೆಗಿರಬೇಕು. ಮಿಷಿಗನ್ನಿನ ಪ್ರಯೋಗ ನಮಗೆ ಶಿಸ್ತನ್ನು ಕಲಿಸುತ್ತದೆ. ಮುಕ್ತಾಯಕ್ಕನ ಪ್ರಸಂಗ ಆ ಶಿಸ್ತಿನ ಗುರಿಯನ್ನು ನೆನಪಿಸುತ್ತದೆ.