ಯಂತ್ರದ ಅಂಕಿ, ಓದುಗನ ಅರ್ಥ: ಮಾಡ್‌ಬಸ್ ಓದಿನ ವಿಮರ್ಶೆ

ಕಾರ್ಖಾನೆಯ ಗೋಡೆಯಲ್ಲಿರುವ ಮಾಪಕದ ಎದುರು ನಿಂತು, ಮುಳ್ಳು ಎಲ್ಲಿದೆಯೆಂದು ಕಣ್ಣಾರೆ ನೋಡಿ, ದಿನಚರಿ ಪುಸ್ತಕದಲ್ಲಿ ಅಂಕಿಯನ್ನು ಬರೆದಿಡುತ್ತಿದ್ದ ಕಾಲದಲ್ಲಿ ‘ಓದುವುದು’ ಎಂಬ ಮಾತಿನ ಅರ್ಥದಲ್ಲಿ ಸಂದೇಹಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ಓದಿದವರು ಯಾರು, ಓದಿದ್ದು ಯಾವಾಗ, ಮಾಪಕದ ಫಲಕದ ಮೇಲೆ ಅಚ್ಚಾಗಿದ್ದ ಮಾನ ಯಾವುದು, ಈ ಮೂರೂ ಪುಸ್ತಕದ ಒಂದೇ ಸಾಲಿನಲ್ಲಿ ದೊರೆಯುತ್ತಿದ್ದವು. ಈಗ ಆ ಕೆಲಸವನ್ನು ತಂತ್ರಾಂಶವು ವಹಿಸಿಕೊಂಡಿದೆ. ಜಾಲಕ್ಕೆ ಜೋಡಿಸಿದ ನೂರಾರು ಸಾಧನಗಳನ್ನು ಅದು ಕ್ಷಣಕ್ಷಣಕ್ಕೂ ಪ್ರಶ್ನಿಸುತ್ತದೆ; ಬಂದ ಉತ್ತರವನ್ನು ಪರದೆಯ ಮೇಲೆ ಅಂದವಾಗಿ ತೋರಿಸುತ್ತದೆ. ಅಲ್ಲಿ 230.5 ವೋಲ್ಟು ಎಂದು ಮೂಡಿದರೆ ಅದು ಯಂತ್ರವೇ ನುಡಿದ ಮಾತೆಂದು ನಾವು ನಂಬುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ವಿಸ್ತಾರವಾದುದರಿಂದ ಮಾಡ್‌ಬಸ್ ಎಂಬ ಒಂದೇ ಸಂವಹನ ನಿಯಮಕ್ಕೆ ನಮ್ಮ ವಿಚಾರವನ್ನು ಮಿತಗೊಳಿಸಿದ್ದೇವೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಮೊದಲು ಕೈಹಾಕುವುದೂ ಸಾಮಾನ್ಯವಾಗಿ ಅದಕ್ಕೇ.

ಇದರ ಇತಿಹಾಸ ದೀರ್ಘವಾದುದೇನೂ ಅಲ್ಲ. ಅಮೆರಿಕದ ಮಾಡಿಕಾನ್ ಸಂಸ್ಥೆಯು ತಾನು ತಯಾರಿಸುತ್ತಿದ್ದ ಪಿ.ಎಲ್.ಸಿ. ಎಂಬ ನಿಯಂತ್ರಕಗಳೊಡನೆ ತಂತಿಯ ಮೂಲಕ ವ್ಯವಹರಿಸುವುದಕ್ಕಾಗಿ 1979ರಲ್ಲಿ ಈ ನಿಯಮವನ್ನು ಪ್ರಕಟಿಸಿತು. ಮುಂದೆ ಆ ಸಂಸ್ಥೆ ಶ್ನೈಡರ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಸೇರಿಹೋಯಿತು; 2004ರಲ್ಲಿ ನಿಯಮದ ಪಾಲನೆ ಮಾಡ್‌ಬಸ್ ಆರ್ಗನೈಜೇಷನ್ ಎಂಬ ಸಂಘದ ಕೈಗೆ ಬಂದಿತು. ಯಾರು ಬೇಕಾದರೂ ಹಣ ತೆರದೆ ಬಳಸಬಹುದು, ಅತ್ಯಲ್ಪ ಸ್ಮೃತಿಯುಳ್ಳ ಸಾಧನದಲ್ಲಿಯೂ ಅಳವಡಿಸಬಹುದು ಎಂಬ ಎರಡು ಗುಣಗಳ ಬಲದಿಂದಲೇ ಅದು ವಿದ್ಯುತ್ ಮೀಟರು, ಪಂಪು, ಶೀತಕ, ಸೌರ ಇನ್ವರ್ಟರು ಮುಂತಾದವುಗಳಲ್ಲೆಲ್ಲ ಇಂದಿಗೂ ನೆಲೆಸಿದೆ.

ಅದರ ರಚನೆಯೂ ಬಹು ಸರಳ. ಸಾಧನದೊಳಗೆ ನಾಲ್ಕು ಕೋಷ್ಟಕಗಳಿವೆಯೆಂದು ಭಾವಿಸಲಾಗಿದೆ. ಎರಡರಲ್ಲಿ ಕೇವಲ ಹೌದು ಅಥವಾ ಅಲ್ಲ ಎಂಬ ಒಂದು ಬಿಟ್ಟಿನ ಮಾಹಿತಿ. ಉಳಿದೆರಡರಲ್ಲಿ 16 ಬಿಟ್ಟುಗಳ ರಿಜಿಸ್ಟರುಗಳು. ಓದಬಯಸುವ ತಂತ್ರಾಂಶವು 01 03 00 00 00 02 ಎಂಬ ಆರು ಬೈಟುಗಳನ್ನೂ ಅವುಗಳ ಹಿಂದೆ ಎರಡು ತಾಳೆಬೈಟುಗಳನ್ನೂ ಕಳುಹಿಸಿತೆನ್ನಿ. ‘ಒಂದನೆಯ ಸಾಧನವೇ, ಮೂರನೆಯ ಕ್ರಿಯೆಯಂತೆ, ಸೊನ್ನೆಯ ವಿಳಾಸದಿಂದ ಮೊದಲ್ಗೊಂಡು ಎರಡು ರಿಜಿಸ್ಟರುಗಳನ್ನು ಓದಿ ಹೇಳು’ ಎಂಬುದು ಇದರ ತಾತ್ಪರ್ಯ. ಒಂದೇ ಪ್ರಶ್ನೆಯಲ್ಲಿ ಹೆಚ್ಚೆಂದರೆ 125 ರಿಜಿಸ್ಟರುಗಳನ್ನು ಕೇಳಬಹುದು. ಉತ್ತರದಲ್ಲಿ ಬರುವುದು ಅಂಕಿ ಮಾತ್ರ. ಅದು ವೋಲ್ಟೋ, ಆಂಪಿಯರೋ, ನೀರಿನ ಮಟ್ಟವೋ, ಎಷ್ಟರಿಂದ ಗುಣಿಸಬೇಕಾದುದೋ ಎಂಬುದರ ಒಂದಕ್ಷರವೂ ತಂತಿಯ ಮೇಲೆ ಬರುವುದಿಲ್ಲ. ಅರ್ಥವೆಲ್ಲವೂ ತಯಾರಕರು ಅಚ್ಚುಹಾಕಿಸಿದ ಕೈಪಿಡಿಯಲ್ಲಿದೆ. ಮೂಲವು ಒಂದೆಡೆ, ನಿಘಂಟು ಇನ್ನೊಂದೆಡೆ. ಎರಡನ್ನೂ ಕೂಡಿಸುವ ಭಾರ ಓದುಗನದು.

ಹಳೆಯ ಓಲೆಗಳ ಪಾಠವನ್ನು ನಿರ್ಣಯಿಸುವವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಲಿಪಿಕಾರನ ತಪ್ಪಿನಿಂದ ಅರ್ಥವೇ ಕೆಟ್ಟಿದ್ದರೆ ಸಂಪಾದಕನು ಅಲ್ಲಿ ನಿಲ್ಲುತ್ತಾನೆ, ಬೇರೆ ಪ್ರತಿಯನ್ನು ನೋಡುತ್ತಾನೆ. ತಪ್ಪಾದರೂ ಅರ್ಥ ಕೊಡುವ ಪಾಠವೇ ಅವನನ್ನು ವಂಚಿಸುವುದು. ಮಾಡ್‌ಬಸ್ ಓದಿನಲ್ಲಿ ನಾವು ಭಯಪಡಬೇಕಾದ ತಪ್ಪುಗಳೂ ಈ ಎರಡನೆಯ ಜಾತಿಯವೇ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ ಎಣಿಕೆಯ ವಿಚಾರ. ಅಧಿಕೃತ ನಿಯಮಗ್ರಂಥವೇ ಈ ವಿಷಯದಲ್ಲಿ ಎರಡು ಮಾತಾಡುತ್ತದೆ. ಕೋಷ್ಟಕದ ಅಂಶಗಳನ್ನು 1ರಿಂದ ಎಣಿಸಬೇಕೆಂದು ಅದು ವಿಧಿಸುತ್ತದೆ. ತಂತಿಯ ಮೇಲೆ ಹೋಗುವ ವಿಳಾಸವನ್ನು ಮಾತ್ರ 0ಯಿಂದ ಎಣಿಸಬೇಕೆನ್ನುತ್ತದೆ. ಇದರ ಮೇಲೆ ಮಾಡಿಕಾನ್ ಕಾಲದ ರೂಢಿಯೊಂದು ಬೇರೆ: ಹೋಲ್ಡಿಂಗ್ ರಿಜಿಸ್ಟರುಗಳಲ್ಲಿ ಮೊದಲನೆಯದಕ್ಕೆ 40001 ಎಂದು ಹೆಸರು. ಹೀಗೆ 40001, 1, 0 ಎಂಬ ಮೂರು ಸಂಖ್ಯೆಗಳೂ ಒಂದೇ ಸ್ಥಾನವನ್ನು ಸೂಚಿಸಬಲ್ಲವು. ಒಬ್ಬ ತಯಾರಕನ ಕೈಪಿಡಿ ಒಂದನ್ನು ಹಿಡಿದರೆ ಇನ್ನೊಬ್ಬನದು ಬೇರೊಂದನ್ನು ಹಿಡಿಯುತ್ತದೆ. ಯಾವುದನ್ನು ಹಿಡಿದಿದ್ದೇವೆಂದು ಹೇಳದೆ ಬಿಡುವ ಕೈಪಿಡಿಗಳೂ ಉಂಟು. ಸಾಧನದಲ್ಲಿ ಇಲ್ಲದ ವಿಳಾಸವನ್ನು ಕೇಳಿದರೆ ಅದು ಕ್ರಿಯಾಸಂಖ್ಯೆಗೆ 128ನ್ನು ಕೂಡಿಸಿ, 3ರ ಬದಲು 131 ಎಂದು ಉತ್ತರಿಸಿ, ದೋಷಸಂಖ್ಯೆ 2ನ್ನು ಕಳುಹಿಸುತ್ತದೆ. ಇದು ಪ್ರಾಮಾಣಿಕವಾದ ವ್ಯವಹಾರವೇ ಸರಿ. ಆದರೆ ಕೇಳಿದ ವಿಳಾಸವು ಇದ್ದು, ನಾವು ಉದ್ದೇಶಿಸಿದ್ದು ಅದಲ್ಲವಾದರೆ, ಸಾಧನವು ಅಷ್ಟೇ ವಿನಯದಿಂದ ನೆರೆಮನೆಯ ಸಂಗತಿಯನ್ನು ಹೇಳಿಬಿಡುತ್ತದೆ.

ಇದರಿಂದ ಏನಾಗಬಹುದೆಂಬುದನ್ನು ನಾವು ಒಂದು ವಿದ್ಯಾರ್ಥಿನಿಲಯದ ಪಂಪುಮನೆಯಲ್ಲಿ ಕಂಡಿದ್ದೇವೆ. ಅಲ್ಲಿ ಮೂರು ಫೇಸಿನ ಮೀಟರಿಗೆ ತಂತ್ರಾಂಶವನ್ನು ಜೋಡಿಸಿಕೊಟ್ಟವರು ನಮ್ಮ ವಿದ್ಯಾರ್ಥಿಗಳೇ, ತಿದ್ದಬೇಕಾಗಿದ್ದವರು ನಾವೇ; ಆದುದರಿಂದ ಅನ್ಯರನ್ನು ದೂರುವಂತಿಲ್ಲ. ಆರ್, ವೈ, ಬಿ ಫೇಸುಗಳ ವೋಲ್ಟೇಜು ಅನುಕ್ರಮವಾಗಿ ಮೂರು ರಿಜಿಸ್ಟರುಗಳಲ್ಲಿತ್ತು. ನಾಲ್ಕನೆಯದರಲ್ಲಿ ಮೂರರ ಸರಾಸರಿ. ಬೆಲೆಗಳು ಹತ್ತರಿಂದ ಗುಣಿಸಿದವು: 2304, 2317, 2298, ಸರಾಸರಿ 2306. ಕೈಪಿಡಿ 1ರಿಂದ ಎಣಿಸಿತ್ತು, ತಂತ್ರಾಂಶವು 0ಯಿಂದ ಎಣಿಸುತ್ತಿತ್ತು. ಪರಿಣಾಮವಾಗಿ ಆರ್ ಎಂಬ ಹೆಸರಿನ ಕೆಳಗೆ ವೈ ಫೇಸಿನ ಅಂಕಿ, ವೈ ಕೆಳಗೆ ಬಿ ಫೇಸಿನದು, ಬಿ ಕೆಳಗೆ ಸರಾಸರಿ. ಪರದೆಯಲ್ಲಿ 231.7, 229.8, 230.6 ಎಂದು ಕಂಡರೆ ಯಾರಿಗೆ ತಾನೆ ಸಂಶಯ ಹುಟ್ಟೀತು? ಕೆಲವು ವಾರ ಕಳೆದ ಮೇಲೆ ವೈ ಫೇಸಿನ ಜೋಡಣೆ ಸಡಿಲವಾಗಿ ವೋಲ್ಟೇಜು ಕುಸಿಯತೊಡಗಿತು. ಪರದೆ ಆರ್ ಕುಸಿಯುತ್ತಿದೆಯೆಂದಿತು. ಎಲೆಕ್ಟ್ರಿಷಿಯನ್ ಬಂದು ಆರ್ ಫೇಸಿನ ಫ್ಯೂಸನ್ನೂ ತಂತಿಯನ್ನೂ ಬಿಚ್ಚಿ ನೋಡಿ, ಎಲ್ಲವೂ ಸರಿಯಾಗಿದೆಯೆಂದು ಹೇಳಿ ಹೋದನು. ಎರಡು ದಿನದಲ್ಲಿ ಮೋಟಾರಿನ ವೈಂಡಿಂಗ್ ಸುಟ್ಟಿತು. ತಂತಿಯ ಮೇಲೆ ಹರಿದ ಪ್ರತಿಯೊಂದು ಸಂದೇಶದ ತಾಳೆಬೈಟೂ ಸರಿಯಾಗಿಯೇ ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಸಂದೇಶವು ದಾರಿಯಲ್ಲಿ ಕೆಟ್ಟಿಲ್ಲವೆಂಬುದಕ್ಕೆ ಮಾತ್ರ ಆ ತಾಳೆ ಸಾಕ್ಷಿ; ಕೇಳಿದ ಪ್ರಶ್ನೆ ಸರಿಯೆಂಬುದಕ್ಕಲ್ಲ.

ಎರಡನೆಯದು ಜೋಡಿ ರಿಜಿಸ್ಟರುಗಳ ಕ್ರಮ. ನಿಯಮವು ಬಲ್ಲುದು ಒಂದು ಬಿಟ್ಟನ್ನೂ 16 ಬಿಟ್ಟುಗಳ ರಿಜಿಸ್ಟರನ್ನೂ ಮಾತ್ರ. 65,535ಕ್ಕೆ ಮೀರಿದ ಎಣಿಕೆಗಾಗಲಿ ದಶಮಾಂಶಕ್ಕಾಗಲಿ ತಯಾರಕರು ಎರಡು ರಿಜಿಸ್ಟರುಗಳನ್ನು ಕೂಡಿಸುತ್ತಾರೆ. ಹಿರಿಯ ಭಾಗ ಮೊದಲೋ ಕಿರಿಯ ಭಾಗ ಮೊದಲೋ ಎಂಬಲ್ಲಿ ಅವರಲ್ಲಿ ಏಕಮತವಿಲ್ಲ. ಸಾಧನವು 43 66 80 00 ಎಂಬ ನಾಲ್ಕು ಬೈಟುಗಳನ್ನು ಕಳುಹಿಸಿದರೆ ಒಂದು ಕ್ರಮದಲ್ಲಿ ಅದು 230.5, ಇನ್ನೊಂದು ಕ್ರಮದಲ್ಲಿ ಸೊನ್ನೆಯಿಂದ ಬೇರ್ಪಡಿಸಲಾಗದಷ್ಟು ಕಿರಿದಾದ ಒಂದು ಋಣಸಂಖ್ಯೆ. ಯೂನಿಟ್ಟುಗಳ ಲೆಕ್ಕ 1,00,000 ಇದ್ದರೆ ಕ್ರಮ ತಪ್ಪಿದಾಗ 225,86,32,705 ಎಂದು ಬರುತ್ತದೆ. ಈ ತಪ್ಪು ಕಣ್ಣಿಗೆ ಹೊಡೆಯುವಂತಹುದು. ಆದಕಾರಣ ಇದರ ಬಗ್ಗೆ ನಾವು ಹೆಚ್ಚು ಬೆಳೆಸುವುದಿಲ್ಲ. ಗ್ರಂಥಗಳಲ್ಲಿಯೂ ತರಗತಿಗಳಲ್ಲಿಯೂ ಈ ಒಂದು ತೊಡಕನ್ನೇ ದೊಡ್ಡದು ಮಾಡಿ ಹೇಳುವ ವಾಡಿಕೆಯಿದೆ. ನಮಗೆ ಅದು ಅಷ್ಟು ಸರಿಯೆಂದು ತೋರುವುದಿಲ್ಲ.

ಅದಕ್ಕಿಂತ ಸೂಕ್ಷ್ಮವಾದುದು ಆ ಎರಡು ಭಾಗಗಳನ್ನು ಎರಡು ಬೇರೆ ಪ್ರಶ್ನೆಗಳಲ್ಲಿ ಓದುವ ತಪ್ಪು. ಲೆಕ್ಕವು 65,535ರಲ್ಲಿದ್ದಾಗ ಹಿರಿಯ ಭಾಗವನ್ನು ಓದಿದರೆ 0 ದೊರೆಯುತ್ತದೆ; ಅಷ್ಟರಲ್ಲಿ ಲೆಕ್ಕವು 65,536ಕ್ಕೆ ಏರಿ, ಕಿರಿಯ ಭಾಗವನ್ನು ಓದಿದರೆ ಅಲ್ಲಿಯೂ 0. ಎರಡನ್ನೂ ಕೂಡಿಸಿದರೆ ಸೊನ್ನೆ! ಎರಡು ಓದುಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಕೂಡಿ ಹೇಳಿದ ಮಾತು ಎಂದೂ ನಡೆದುದಲ್ಲ. ಇಂಥ ಅಂಕಿ ತಿಂಗಳುಗಟ್ಟಲೆಗೊಮ್ಮೆ ಒಂದು ಸಲ ಬರುತ್ತದೆ; ಯಾರೋ ಅದನ್ನು ‘ಯಂತ್ರದ ಚೇಷ್ಟೆ’ ಎಂದು ಅಳಿಸಿಬಿಡುತ್ತಾರೆ.

ಇನ್ನು ಕಾಲದ ಪ್ರಶ್ನೆ. ಮಾಡ್‌ಬಸ್ ಸಾಧನವು ತಾನಾಗಿ ಮಾತಾಡುವುದಿಲ್ಲ, ಕೇಳಿದರೆ ಹೇಳುತ್ತದೆ. ಸಾಮಾನ್ಯವಾದ ಉತ್ತರದಲ್ಲಿ ಅಳತೆಯ ಕಾಲವೂ ಇರುವುದಿಲ್ಲ. ಸೆಕೆಂಡಿಗೆ 9,600 ಬಿಟ್ಟುಗಳ ವೇಗದಲ್ಲಿ ಎರಡು ರಿಜಿಸ್ಟರುಗಳ ಪ್ರಶ್ನೋತ್ತರಕ್ಕೆ ತಂತಿಯ ಮೇಲೆಯೇ ಸುಮಾರು 20 ಮಿಲಿಸೆಕೆಂಡು ಹಿಡಿಯುತ್ತದೆ. ಒಂದೇ ತಂತಿಯಲ್ಲಿ ಮೂವತ್ತು ಸಾಧನಗಳಿದ್ದು ಅವುಗಳಲ್ಲೊಂದು ಸತ್ತಿದ್ದರೆ, ತಂತ್ರಾಂಶವು ಅದಕ್ಕಾಗಿ ಸರತಿಗೊಂದಾವೃತ್ತಿ ಸೆಕೆಂಡುಗಟ್ಟಲೆ ಕಾದು, ಮತ್ತೆ ಮತ್ತೆ ಕೇಳಿ, ಆಮೇಲೆ ಮುಂದೆ ಹೋಗುತ್ತದೆ. ಒಬ್ಬನ ಮೌನದಿಂದ ಎಲ್ಲರ ಮಾತೂ ತಡವಾಗುತ್ತದೆ. ಉತ್ತರ ಬಾರದಿದ್ದಾಗ ಏನು ಬರೆಯಬೇಕು? ಹಿಂದಿನ ಬೆಲೆಯನ್ನೇ ಉಳಿಸಿಕೊಳ್ಳುವ ತಂತ್ರಾಂಶಗಳಿವೆ. ಸೊನ್ನೆಯನ್ನು ತುಂಬುವವೂ ಇವೆ. ಮೊದಲನೆಯದರಲ್ಲಿ ರಾತ್ರಿಯೆಲ್ಲ ನೆಟ್ಟಗಿರುವ ಗೆರೆ ಮೂಡಿ ತೊಟ್ಟಿಯ ನೀರು ಇಳಿಯಲೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಎರಡನೆಯದರಲ್ಲಿ ತೊಟ್ಟಿ ಬರಿದಾದಂತೆ ತೋರುತ್ತದೆ. ಶಾಸನವನ್ನು ಅಚ್ಚು ಹಾಕಿಸುವವರು ಕಲ್ಲು ಚಕ್ಕೆಯೆದ್ದು ಅಕ್ಷರ ಹೋದೆಡೆ ಚುಕ್ಕೆಗಳನ್ನಿಡುತ್ತಾರೆ. ಹಿಂದಿನ ಅಕ್ಷರವನ್ನೇ ಇನ್ನೊಮ್ಮೆ ಬರೆದು ಸಾಲು ತುಂಬಿಸುವುದಿಲ್ಲ. ತಂತ್ರಾಂಶದ ವಿಮರ್ಶೆಯಲ್ಲಿ ನಾವು ಮೊದಲು ಕೇಳಬೇಕಾದುದು ಅದರ ಚಿತ್ರಗಳು ಎಷ್ಟು ಚೆಲುವಾಗಿವೆಯೆಂಬುದನ್ನಲ್ಲ, ಅದು ತ್ರುಟಿಯನ್ನು ತ್ರುಟಿಯೆಂದು ತೋರಿಸುತ್ತದೆಯೇ ಎಂಬುದನ್ನು.

ಈ ದೋಷಗಳನ್ನೆಲ್ಲ ಹೊಸ ನಿಯಮಗಳು ನೀಗಿವೆಯಲ್ಲ ಎಂದು ವಾಚಕರು ಕೇಳಬಹುದು. ಓ.ಪಿ.ಸಿ. ಯು.ಎ. ಎಂಬ ನಿಯಮದಲ್ಲಿ ಪ್ರತಿಯೊಂದು ಬೆಲೆಯೊಡನೆಯೂ ಅದರ ಸ್ಥಿತಿ ಮತ್ತು ಅಳೆದ ಕಾಲವನ್ನು ಕಳುಹಿಸಲು ಅವಕಾಶವಿದೆ, ಮಾನವನ್ನೂ ಸೂಚಿಸಬಹುದು. ಇದು ನಿಜವಾದ ಪ್ರಗತಿ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅನೇಕ ಕಡೆಗಳಲ್ಲಿ ಈ ಹೊಸ ವ್ಯವಸ್ಥೆಯ ಹಿಂದೆ ಕುಳಿತಿರುವುದು ಅದೇ ಹಳೆಯ ಮಾಡ್‌ಬಸ್ ಮೀಟರು. ನಡುವಣ ಗೇಟ್‌ವೇ ಯಂತ್ರವು ಮೀಟರಿನಿಂದ ಬರಿಯ ಅಂಕಿಯನ್ನು ತೆಗೆದುಕೊಂಡು, ಅದಕ್ಕೆ ತನ್ನದೇ ಗಡಿಯಾರದ ಕಾಲವನ್ನೂ, ಅಳವಡಿಸಿದವನು ಕೈಯಿಂದ ತುಂಬಿದ ಮಾನವನ್ನೂ ಅಂಟಿಸಿ ಮುಂದೆ ದಾಟಿಸುತ್ತದೆ. ವಿಳಾಸ ಒಂದರಷ್ಟು ಜಾರಿದ್ದರೆ ತಪ್ಪು ತಪ್ಪಾಗಿಯೇ ಉಳಿದು, ಅದರ ಮೇಲೆ ‘ಸ್ಥಿತಿ ಉತ್ತಮ’ ಎಂಬ ಮುದ್ರೆ ಬೀಳುತ್ತದೆ. ಇದಕ್ಕಿಂತ ನಮಗೆ ಹೆಚ್ಚು ಮೆಚ್ಚಿಗೆಯಾದುದು ಸೌರ ಇನ್ವರ್ಟರುಗಳಿಗಾಗಿ ಸನ್‌ಸ್ಪೆಕ್ ಸಂಘವು ಮಾಡ್‌ಬಸ್ಸಿನೊಳಗೇ ರೂಪಿಸಿದ ಪದ್ಧತಿ. ಅಲ್ಲಿ ರಿಜಿಸ್ಟರುಗಳ ಸಾಲು ಒಂದು ಗುರುತಿನ ಪದದಿಂದ ಮೊದಲಾಗುತ್ತದೆ; ಮುಂದೆ ಬರುವ ಪ್ರತಿಯೊಂದು ಭಾಗವೂ ತನ್ನ ಜಾತಿಯನ್ನೂ ಉದ್ದವನ್ನೂ ತಾನೇ ಹೇಳಿಕೊಳ್ಳುತ್ತದೆ; ಹತ್ತರ ಯಾವ ಘಾತದಿಂದ ಗುಣಿಸಬೇಕೆಂಬುದಕ್ಕೂ ರಿಜಿಸ್ಟರು ಉಂಟು; ಅಳೆಯದ ಸಂಗತಿಗೆ 65,535ರಂತಹ ಮೀಸಲು ಬೆಲೆಯಿದೆ. ಆ ಮೀಸಲು ಬೆಲೆಯನ್ನೇ ಅಳತೆಯೆಂದು ಭಾವಿಸಿ ಸರಾಸರಿಗೆ ಸೇರಿಸುವ ಓದುಗನನ್ನು ಯಾವ ಪದ್ಧತಿಯೂ ಕಾಪಾಡಲಾರದು, ಆ ಮಾತು ಬೇರೆ.

ಓದುವ ವಿಚಾರ ಮಾತಾಡುವಾಗ ಬರೆಯುವ ವಿಚಾರವನ್ನೂ ಸೂಚಿಸದೆ ಬಿಡುವಂತಿಲ್ಲ. ಮೂರನೆಯ ಕ್ರಿಯೆ ಓದಿಸುತ್ತದೆ, ಆರನೆಯದು ಬರೆಯಿಸುತ್ತದೆ. ಮೂಲ ನಿಯಮದಲ್ಲಿ ಕೇಳುವವನು ಯಾರೆಂದು ವಿಚಾರಿಸುವ ಪದ್ಧತಿಯೇ ಇಲ್ಲ. ಗೂಢಲಿಪಿಯ ರಕ್ಷಣೆಯುಳ್ಳ ರೂಪವು 2018ರಲ್ಲಿ ಪ್ರಕಟವಾಯಿತಾದರೂ ಹಳೆಯ ಸಾಧನಗಳು ಅದನ್ನರಿಯವು. 2024ರ ಜನವರಿಯಲ್ಲಿ ಯುಕ್ರೇನಿನ ಲ್ವಿವ್ ನಗರದಲ್ಲಿ 600ಕ್ಕೂ ಹೆಚ್ಚು ವಸತಿ ಕಟ್ಟಡಗಳು ಕೊರೆಯುವ ಚಳಿಯಲ್ಲಿ ಸುಮಾರು ಎರಡು ದಿನ ಬಿಸಿಯಿಲ್ಲದೆ ಕಳೆದವು. ಅದೇ ವರ್ಷ ಜುಲೈಯಲ್ಲಿ ಡ್ರೇಗೋಸ್ ಸಂಸ್ಥೆಯು ಪ್ರಕಟಿಸಿದ ವರದಿಯ ಪ್ರಕಾರ, ಫ್ರಾಸ್ಟಿಗೂಪ್ ಎಂದು ಹೆಸರಿಟ್ಟ ದುಷ್ಟ ತಂತ್ರಾಂಶದ ಮೂಲಕ ತಾಪನಿಯಂತ್ರಕಗಳಿಗೆ ಮಾಡ್‌ಬಸ್ ಆಜ್ಞೆಗಳನ್ನು ಕಳುಹಿಸಲಾಗಿತ್ತು; ಅದರಿಂದ ಅಳತೆಗಳು ತಪ್ಪಾಗಿ ವ್ಯವಸ್ಥೆ ಕೆಟ್ಟಿತು. ಆದ್ದರಿಂದ ಓದುವುದಕ್ಕಷ್ಟೇ ಇರುವ ತಂತ್ರಾಂಶವು ಬರೆಯುವ ಕ್ರಿಯೆಗಳನ್ನು ತನ್ನಲ್ಲಿ ಇಟ್ಟುಕೊಳ್ಳಲೇಕೂಡದು. ಪ್ರಯೋಗಶಾಲೆಯ ಸಾಧನವನ್ನು ಹೊರಜಾಲಕ್ಕೆ ನೇರವಾಗಿ ತೆರೆದಿಡುವುದಂತೂ ಸರ್ವಥಾ ಸಲ್ಲದು.

ವಿದ್ಯಾರ್ಥಿಗಳು ಸಲ್ಲಿಸುವ ಯೋಜನಾವರದಿಗಳನ್ನು ಪರೀಕ್ಷಿಸುವಾಗ ನಾವು ಈಗ ಎರಡು ಅಂಶಗಳನ್ನು ತಪ್ಪದೆ ಕೇಳುತ್ತೇವೆ. ತಂತಿಯಿಂದ ಬಂದ ಮೂಲ ಬೈಟುಗಳನ್ನು ವ್ಯಾಖ್ಯಾನಕ್ಕೆ ಮುನ್ನವೇ ಓದಿದ ಕಾಲದೊಡನೆ ಶೇಖರಿಸಿಟ್ಟಿದ್ದಾರೆಯೇ? ವಿಳಾಸದ ಅರ್ಥವನ್ನು ಕೈಪಿಡಿಯಿಂದ ಎತ್ತಿ ಬರೆದುದಲ್ಲದೆ ಸಾಧನದ ಮೇಲೆಯೇ ಪರೀಕ್ಷಿಸಿದ್ದಾರೆಯೇ? ಮೂಲವು ಉಳಿದಿದ್ದರೆ ಅರ್ಥವನ್ನು ಎಂದಾದರೂ ತಿದ್ದಬಹುದು. ಪಂಪುಮನೆಯ ಪ್ರಸಂಗದಲ್ಲಿ ಅದೂ ಇರಲಿಲ್ಲ, 231.7 ಎಂಬ ಸಿದ್ಧಾನ್ನವಷ್ಟೇ ಕಡತದಲ್ಲಿತ್ತು.

ಅಲ್ಲಿ ಹೊಸ ಮೋಟಾರು ಕೂರಿಸಿದ ದಿನ, ಅದನ್ನು ಚಾಲೂ ಮಾಡುವ ಮೊದಲು, ಎಲೆಕ್ಟ್ರಿಷಿಯನ್ ಒಂದೊಂದೇ ಫೇಸಿನ ಫ್ಯೂಸನ್ನು ತೆಗೆಯುತ್ತ ಹೋದನು. ನಾವು ಪರದೆಯ ಮುಂದೆ ನಿಂತು ಯಾವ ಹೆಸರಿನ ಕೆಳಗಿನ ಅಂಕಿ ಬೀಳುತ್ತದೆಂದು ನೋಡಿ ಪುಸ್ತಕದಲ್ಲಿ ಬರೆದುಕೊಂಡೆವು. ಈ ಸಲ ವೈ ತೆಗೆದಾಗ ವೈ ಬಿದ್ದಿತು.