ಇಲ್ಲದ ಯಂತ್ರದ ಮೇಲೆ ಓಡುವ ರಾಜಕುಮಾರ

ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಗಣಕ ಆಟವು 1989ರಲ್ಲಿ ಆಪಲ್ 2 ಯಂತ್ರಕ್ಕೂ ಮರುವರ್ಷ ಡಾಸ್ ಕಾರ್ಯವ್ಯವಸ್ಥೆಗೂ ಸಿದ್ಧವಾಯಿತು. ತನ್ನ ತಮ್ಮನ ಓಟ, ಜಿಗಿತಗಳನ್ನು ವಿಡಿಯೊದಲ್ಲಿ ಸೆರೆಹಿಡಿದು, ಅದರ ಒಂದೊಂದು ಚೌಕಟ್ಟನ್ನೂ ಅನುಸರಿಸಿ ರಾಜಕುಮಾರನ ಚಲನೆಯನ್ನು ಮೆಕ್ನರ್ ರೂಪಿಸಿದ ಈ ಕೃತಿಯನ್ನು ಇಂದಿನ 64 ಬಿಟ್ ವಿಂಡೋಸ್ ತಾನಾಗಿ ನಡೆಸಲಾರದು. ಡಾಸ್ ಕಾಲದ ಇಂತಹ ಆಟಗಳು 16 ಬಿಟ್ ಸೂಚನೆಗಳಲ್ಲಿ ಬರೆಯಲ್ಪಟ್ಟಿವೆ. ಅವುಗಳಿಗಾಗಿ ಸಂಸ್ಕಾರಕವು ಹಿಂದೆ ಒದಗಿಸುತ್ತಿದ್ದ ವರ್ಚುವಲ್ 8086 ಎಂಬ ಸೌಲಭ್ಯ 64 ಬಿಟ್ ಸ್ಥಿತಿಯಲ್ಲಿ ಲಭ್ಯವಿಲ್ಲ. ತೊಂಬತ್ತರ ದಶಕದ ಎಷ್ಟೋ ಆಟಗಳಲ್ಲಿ ಆಟ 32 ಬಿಟ್ಟಿನದಾಗಿದ್ದರೂ ಅದನ್ನು ಡಿಸ್ಕಿಗೆ ಇಳಿಸುವ ಇನ್‌ಸ್ಟಾಲರ್ ಮಾತ್ರ 16 ಬಿಟ್ಟಿನದಾಗಿರುವುದರಿಂದ, ನಡೆಯಬಲ್ಲ ಆಟವೂ ಹೊಸಿಲಲ್ಲೇ ನಿಂತುಬಿಡುತ್ತದೆ.

ಈ ತೊಡಕಿಗೆ 2002ರಿಂದ ದೊರೆಯುತ್ತಿರುವ ಡಾಸ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ನೀಡಿದ ಪರಿಹಾರವು ತಾತ್ವಿಕವಾಗಿಯೂ ಸರಿಯಾದುದು. ಅದು ಆಟದ ಒಂದು ಅಕ್ಷರವನ್ನೂ ತಿದ್ದದೆ, ಆಟ ಬಯಸುವ ಹಳೆಯ ಸಂಸ್ಕಾರಕ, ಸೌಂಡ್ ಬ್ಲಾಸ್ಟರ್ ಧ್ವನಿಕಾರ್ಡು, ಪರದೆ ಎಲ್ಲವನ್ನೂ ತಂತ್ರಾಂಶದಲ್ಲೇ ಅನುಕರಿಸುತ್ತದೆ. ಬಳಕೆದಾರನು ‘ಮೌಂಟ್’ ಆದೇಶದಿಂದ ಒಂದು ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸಿದರೆ, ಆಟವು ತನ್ನ ಕಾಲದ ಗಣಕದಲ್ಲೇ ಇರುವೆನೆಂದು ತಿಳಿದು ನಡೆಯುತ್ತದೆ. ಕೃತಿಯನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದುವ ಪ್ಯಾಚ್‌ಗಳಿಗಿಂತ ಈ ಮಾರ್ಗ ಹೆಚ್ಚು ಪ್ರಾಮಾಣಿಕವಾದುದು, ಏಕೆಂದರೆ ತಿದ್ದಿದ ಪ್ರತಿಯಲ್ಲಿ ಮೂಲ ಯಾವುದು, ತಿದ್ದುಪಡಿ ಯಾವುದು ಎಂಬ ಗೆರೆ ಬೇಗನೆ ಅಳಿಸಿಹೋಗುತ್ತದೆ.

ಆದರೆ ಈ ನಿಷ್ಠೆ ಕಣ್ಣಿನವರೆಗೆ ತಲುಪುವುದಿಲ್ಲ ಎಂಬುದೇ ಡಾಸ್‌ಬಾಕ್ಸ್‌ನ ಮೇಲಿನ ಮುಖ್ಯ ಆಕ್ಷೇಪ. ಡಾಸ್ ಆಟಗಳ ಚಿತ್ರವು ಸಾಮಾನ್ಯವಾಗಿ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳದ್ದು. ಅಂದಿನ ಕೊಳವೆ ಮಾನಿಟರುಗಳು ಅದನ್ನು 4:3 ಅಳತೆಯ ಪರದೆಯ ತುಂಬ ಹರಡುತ್ತಿದ್ದುದರಿಂದ ಪ್ರತಿ ಚುಕ್ಕೆಯೂ ಅಗಲಕ್ಕಿಂತ ತುಸು ಎತ್ತರವಾಗಿ ಕಾಣುತ್ತಿತ್ತು. ಬಹುಕಾಲ ಬಳಕೆಯಲ್ಲಿರುವ 0.74 ಆವೃತ್ತಿಯಲ್ಲಿ ಈ ಅನುಪಾತವನ್ನು ಸರಿಪಡಿಸುವ ಆಯ್ಕೆ ಮೊದಲಿಗೆ ನಿಷ್ಕ್ರಿಯವಾಗಿರುತ್ತದೆ. ಹೀಗಾಗಿ, ನಿಜವಾದ ಮನುಷ್ಯ ದೇಹದಿಂದ ಪಡೆದ ರಾಜಕುಮಾರನ ಆ ಸುಂದರ ಆಕೃತಿಯನ್ನು ಹೊಸ ಆಟಗಾರನು ಕುಗ್ಗಿದ, ಕುಳ್ಳಾದ ರೂಪದಲ್ಲಿ ನೋಡಿ, ಮೂಲವೇ ಹಾಗಿತ್ತೆಂದು ನಂಬುತ್ತಾನೆ. ಪ್ರತಿ ಮಿಲಿಸೆಕೆಂಡಿಗೆ ಎಷ್ಟು ಸೂಚನೆಗಳನ್ನು ನಡೆಸಬೇಕೆಂದು ಹೇಳುವ ‘ಸೈಕಲ್ಸ್’ ಎಂಬ ಅಂಕಿಯನ್ನೂ ಅನೇಕ ಆಟಗಳಿಗೆ ಊಹಿಸಿಯೇ ಹೊಂದಿಸಬೇಕಾಗುತ್ತದೆ. ಸೈಕಲ್ಸ್‌ನ ಈ ತೊಡಕು ಸಣ್ಣ ಕೊರತೆ.

ಯಾವ ಅನುಕರಣೆಯೂ ತುಂಬಲಾರದ ಕೊರತೆ ಕಾಗದದ್ದು. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದೊಡನೆ, ಕೈಪಿಡಿಯ ಇಂತಹ ಪುಟದ, ಇಂತಹ ಸಾಲಿನ, ಇಂತಹ ಪದದ ಮೊದಲ ಅಕ್ಷರವಿರುವ ಪಾನೀಯವನ್ನು ಕುಡಿಯಬೇಕೆಂದು ಆಟ ಕೇಳುತ್ತದೆ. ಕಳ್ಳಪ್ರತಿ ತಡೆಯಲು ಇಟ್ಟ ಈ ಬೀಗವನ್ನೂ ಡಾಸ್‌ಬಾಕ್ಸ್ ಇದ್ದಂತೆಯೇ ಉಳಿಸುತ್ತದೆ. ಕೈಪಿಡಿ ಕಳೆದುಕೊಂಡವನಿಗೆ ಆಟ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಹಳೆಯ ಫ್ಲಾಪಿಗಳನ್ನು ಇನ್ನೂ ಇಟ್ಟುಕೊಂಡಿರುವವರು ಅವುಗಳ ಜೊತೆಗಿನ ಕೈಪಿಡಿಯನ್ನು ರದ್ದಿಗೆ ಹಾಕದೆ, ಫ್ಲಾಪಿಯಷ್ಟೇ ಜೋಪಾನವಾಗಿ ಕಾಪಾಡಬೇಕು.