ಕಿವಿಯ ಮುಂದಿನ ಕೀಲು

ದೊಡವಾಡದ ಕಡೆ ಬಾಯಿ ತೆರೆಯಲಾಗದವರಿಗೆ ಮೊದಲು ದೂರವಾಗುವುದು ಖಡಕ್ ಜೋಳದ ರೊಟ್ಟಿ. ಕಿವಿಯ ಮುಂದಿನ ದವಡೆ ಕೀಲಿನಲ್ಲಿ ಎಲುಬಿನ ಗಡ್ಡೆ ಬೆಳೆದರೆ ಹೀಗೆ ಬಾಯಿ ತೆರೆಯುವುದು ಕಷ್ಟವಾಗಬಹುದು; ಗದ್ದ ಎದುರು ಬದಿಗೆ ಸರಿಯುತ್ತದೆ, ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ಬಹುಪಾಲು ಇದು ಕ್ಯಾನ್ಸರ್ ಅಲ್ಲ.

ಶಸ್ತ್ರವೈದ್ಯರ ಕೈಗೆ ನಾನು ಬೆರಗಾಗುವುದು ಇಲ್ಲಿಯೇ. ಕಿವಿಯಂಚಿನಲ್ಲಿ ಕೊಯ್ದು, ಹುಬ್ಬು ಎತ್ತುವ, ಕಣ್ಣು ಮುಚ್ಚಿಸುವ ನರದ ಎಳೆಗಳನ್ನು ಜೋಪಾನವಾಗಿ ಸರಿಸಿ ಗಡ್ಡೆ ತೆಗೆಯುತ್ತಾರೆ. ಉಳಿದ ಎಲುಬನ್ನು ದುಂಡಗೆ ತಿದ್ದಿ ಹೊಸ ಕೀಲು ಮಾಡುತ್ತಾರೆ. ಸಾಲದಿದ್ದರೆ ಪಕ್ಕೆಲುಬಿನ ತುಂಡು, ಇಲ್ಲವೇ ಕೃತಕ ಕೀಲು. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿ-ದವಡೆ ಶಸ್ತ್ರಚಿಕಿತ್ಸೆಯ ವಿಭಾಗವಿದೆ. ಈ ಸೀಮೆಗೆ ದೊಡ್ಡ ಆಸರೆ.

ಶಸ್ತ್ರಚಿಕಿತ್ಸೆಯ ಆಮೇಲಿನದು ರೋಗಿಯ ಶ್ರಮ: ಬಾಯಿಯಲ್ಲಿ ಮೂರು ಬೆರಳು ಹಿಡಿಸುವವರೆಗೆ ತಿಂಗಳುಗಟ್ಟಲೆ ವ್ಯಾಯಾಮ.